ಹಳ್ಳಿಯಲ್ಲಿ ಮಳೆಗಾಲದ ತಾಳಮದ್ದಳೆ ಕೂಟ ಶುರು ಮಾಡಬೇಕು, ಮೊದಲು ಏನು ಕೊಳ್ಳಬೇಕು?

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮೂವತ್ತು ಮನೆಯ ಹಳ್ಳಿ, ವಾರಕ್ಕೊಂದು ಸಂಜೆ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ), ಜೊತೆಗೆ ಮಕ್ಕಳಿಗೆ ಮದ್ದಳೆ ಪಾಠ. ಮದ್ದಳೆ, ಚಂಡೆ, ಮೈಕ್ ಸೆಟ್ಟಿಗೆಂದು ದುಡ್ಡು ಕೂಡಿದೆ, ಮೊದಲು ಯಾವುದನ್ನು ಕೊಳ್ಳುವುದು ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಪದ್ಯ ಹಾಡಿ ಕೂಟ ನಡೆಸುವ ಭಾಗವತರು ಯಾರು ಎಂಬುದು ಮೊದಲು ಗೊತ್ತಾಗಲಿ.

ಕಾರಣ ಶ್ರುತಿ. ಮದ್ದಳೆ ಮಾಡುವವರು ಮೊದಲು ಕೇಳುವುದೇ "ಎಷ್ಟರ ಶ್ರುತಿಗೆ?" ಎಂದು. ಕಪ್ಪು ಎರಡಕ್ಕೆ (ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯ ಶ್ರುತಿಗೆ) ಮಾಡಿಸಿದ ಮದ್ದಳೆಯನ್ನು ಅರ್ಧ ಸ್ವರ, ಹೆಚ್ಚೆಂದರೆ ಒಂದು ಸ್ವರ ಆಚೀಚೆ ಮಾಡಬಹುದು. ಬಿಳಿ ಐದಕ್ಕೆ ಏರಿಸಹೊರಟರೆ ಚರ್ಮದ ಮುಚ್ಚಿಗೆ ಹರಿಯುತ್ತದೆ, ಇಲ್ಲವೇ ಅದರ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಬಿಡುತ್ತದೆ. ಹಾಗಾಗಿ ನಿಮ್ಮಲ್ಲಿ ಹಾಡುವವರು ಎರಡು ತಾಸು ಗಂಟಲು ಕಟ್ಟದೆ ಯಾವ ಶ್ರುತಿಯಲ್ಲಿ ಹಾಡಬಲ್ಲರು ಎಂದು ನೋಡಿ. ಮೊಬೈಲಿನ ಶ್ರುತಿಪೆಟ್ಟಿಗೆ ಸಾಕು, ಎರಡು ವಾರ ಬರಿಯ ತಾಳ ಹಿಡಿದು ಹಾಡಿಸಿ. ಹೆಂಗಸರೂ ಭಾಗವತಿಕೆ ಮಾಡುವುದಾದರೆ ಶ್ರುತಿ ಮೇಲಿರುತ್ತದೆ. ಅದಕ್ಕೆ ಬೇರೆಯೇ ಮದ್ದಳೆ ಬೇಕು ಎಂದು ಈಗಲೇ ಲೆಕ್ಕದಲ್ಲಿಡಿ. ಒಂದರಲ್ಲೇ ಇಬ್ಬರನ್ನೂ ಸಾಗಿಸಲು ಹೋದರೆ ಒಬ್ಬರ ದನಿ ಒಡೆಯುತ್ತದೆ.

ಚಂಡೆ ಇನ್ನೊಂದು ವರ್ಷಕ್ಕಿರಲಿ. ಜಗುಲಿಯಲ್ಲಿ ನಲವತ್ತು ಜನ ಕೂತಾಗ ಮದ್ದಳೆ, ತಾಳ ಎರಡೇ ಧಾರಾಳ. ಚಂಡೆ ಬಂತೆಂದರೆ ಭಾಗವತರಿಗೆ ಮೈಕ್ ಬೇಕು, ಭಾಗವತರಿಗೆ ಬಂದ ಮೇಲೆ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೂ ಬೇಕು, ಕೊನೆಗೆ ಯಾರು ಏನು ಹೇಳಿದರೆಂದು ಯಾರಿಗೂ ತಿಳಿಯುವುದಿಲ್ಲ. ಧ್ವನಿವರ್ಧಕ ಹಾಕಿದರೆ ಅನುಮತಿಯ ಗೊಡವೆ, ಬಯಲಲ್ಲಾದರೆ ರಾತ್ರಿ 10 ಗಂಟೆಯ ಗಡುವು ಬೇರೆ.

ಇನ್ನು ಪ್ರಸಂಗ, ಅಂದರೆ ಪದ್ಯಗಳಲ್ಲಿರುವ ಕಥೆ. ಹೊಸ ಕೂಟಗಳು ಹೆಚ್ಚಾಗಿ ಎಡವುವುದು ಇಲ್ಲಿ. ಮೊದಲ ವಾರವೇ ಕರ್ಣಪರ್ವವನ್ನೋ ಕೃಷ್ಣಸಂಧಾನವನ್ನೋ ಇಟ್ಟುಕೊಳ್ಳುತ್ತಾರೆ. ಕರ್ಣನ ಎದುರು ಶಲ್ಯನಾಗಿ ಕೂರುವವನಿಗೆ ಮಾತಿನ ಪಳಗಿಕೆ ಬೇಕು. ಅದಿಲ್ಲದಿದ್ದರೆ ಕರ್ಣನೊಬ್ಬನೇ ಮುಕ್ಕಾಲು ತಾಸು ಮಾತಾಡಿ ಉಳಿದವರು ಕೈಗಡಿಯಾರ ನೋಡುತ್ತಾರೆ. ಶುರುವಿಗೆ ಶರಸೇತುಬಂಧನ ತೆಗೆದುಕೊಳ್ಳಿ: ಅರ್ಜುನ ಬಾಣಗಳಿಂದ ಕಟ್ಟಿದ ಸೇತುವೆ ಹನುಮಂತನ ಭಾರಕ್ಕೆ ಮುರಿದರೆ ಅರ್ಜುನ ಬೆಂಕಿಗೆ ಬೀಳಬೇಕು ಎಂಬ ಪಂಥದ ಕಥೆ. ಅರ್ಜುನ, ಹನುಮಂತ, ವೃದ್ಧ ವಿಪ್ರ, ಈ ಮೂವರಲ್ಲೇ ಕೂಟ ನಿಲ್ಲುತ್ತದೆ. ಜಗಳಕ್ಕೆ ಕಾರಣ ಸ್ಪಷ್ಟ, ಪಂಥ ಸ್ಪಷ್ಟ, ಮಕ್ಕಳಿಗೂ ಕಥೆ ಗೊತ್ತು. ಆಮೇಲೆ ವಾಲಿವಧೆ, ಸುಧನ್ವಾರ್ಜುನ. ಪುಸ್ತಕ ಸಿಗದಿದ್ದರೆ ಯಕ್ಷವಾಹಿನಿ ಸಂಸ್ಥೆಯವರ ಅಂತರ್ಜಾಲದ ಪ್ರಸಂಗಕೋಶದಲ್ಲಿ ಹುಡುಕಿ.

ಪ್ರಸಂಗದ ಎಲ್ಲ ಪದ್ಯ ಹಾಡುವ ಹಟ ಬೇಡ. ಲೆಕ್ಕ ಹೀಗೆ: ಪದ್ಯಕ್ಕೆ 2ರಿಂದ 3 ನಿಮಿಷ, ಹೊಸಬರ ಅರ್ಥಕ್ಕೆ (ಪದ್ಯದ ಮೇಲಿನ ಮಾತಿಗೆ) 4ರಿಂದ 5 ನಿಮಿಷ. ಎರಡೂವರೆ ತಾಸಿಗೆ 20 ಪದ್ಯ ಮುಗಿದರೆ ಹೆಚ್ಚು. ಭಾಗವತರೂ ಅರ್ಥಧಾರಿಗಳೂ ಮೂರು ದಿನ ಮೊದಲೇ ಕೂತು ಪದ್ಯಗಳಿಗೆ ಗುರುತು ಹಾಕಿ, ಅದೇ ಪಟ್ಟಿಯನ್ನು ಎಲ್ಲರೂ ಇಟ್ಟುಕೊಳ್ಳಬೇಕು. ಪಟ್ಟಿ ಒಬ್ಬರಲ್ಲಿ ಒಂದು ಥರ ಇದ್ದರೆ, ಭಾಗವತರು ಬಿಟ್ಟ ಪದ್ಯಕ್ಕೆ ಹನುಮಂತ ಉತ್ತರ ಕೊಡುತ್ತಿರುತ್ತಾನೆ.

ಅರ್ಥ ಬರೆದು ಬಾಯಿಪಾಠ ಮಾಡಿಸಬೇಡಿ. ಯೂಟ್ಯೂಬಿನಲ್ಲಿ ದೊಡ್ಡ ಕಲಾವಿದರ ಅರ್ಥ ಕೇಳಿ ಹಾಗೇ ಒಪ್ಪಿಸುವುದು ಅದಕ್ಕಿಂತ ಕೆಟ್ಟದ್ದು: ಎದುರಿನವರು ಬೇರೆ ಪ್ರಶ್ನೆ ಕೇಳಿದರೋ, ಅಲ್ಲಿಗೆ ನಿಂತಿತು. ಪ್ರತಿ ಪದ್ಯಕ್ಕೆ ಮೂರೇ ಟಿಪ್ಪಣಿ ಸಾಕು. ಎದುರಿನವನು ಏನು ಕೇಳಿದ, ಈ ಪದ್ಯದಲ್ಲಿ ನಾನು ಏನು ಹೇಳುತ್ತೇನೆ, ಮುಂದಿನ ಪದ್ಯಕ್ಕೆ ಎತ್ತುಗಡೆ (ಭಾಗವತರಿಗೆ ಪದ್ಯ ಎತ್ತಲು ಸೂಚನೆ) ಯಾವ ಮಾತಿನಿಂದ. ಮೂರನೆಯದನ್ನೇ ಎಲ್ಲರೂ ಮರೆಯುವುದು. ಎತ್ತುಗಡೆ ಸಿಗದಿದ್ದರೆ ಭಾಗವತರು ತಾಳ ಹಿಡಿದುಕೊಂಡು ಮುಖ ನೋಡುತ್ತಾ ಕೂರಬೇಕಾಗುತ್ತದೆ. ಮಾತು ಲಂಬಿಸಿದರೆ ಪದ್ಯ ಎತ್ತಿ ನಿಲ್ಲಿಸುವ ಅಧಿಕಾರ ಮಾತ್ರ ಭಾಗವತರದ್ದೇ ಎಂದು ಮೊದಲ ದಿನವೇ ಒಪ್ಪಿಕೊಳ್ಳಿ; ಊರಿನ ಹಿರಿಯರು ಅರ್ಥಕ್ಕೆ ಕೂತಾಗ ಈ ಒಪ್ಪಂದ ಬೇಕೇ ಬೇಕಾಗುತ್ತದೆ.

ಇನ್ನೊಂದು: ಪದ್ಯವನ್ನು ಮಾತು ಸುಳ್ಳು ಮಾಡಬಾರದು. ಅರ್ಜುನನಾದವರು ಚುರುಕಾಗಿದ್ದು ವಾದದಲ್ಲಿ ಹನುಮಂತನ ಬಾಯಿ ಕಟ್ಟಿಸಿದರು ಅಂದುಕೊಳ್ಳಿ, ಚಪ್ಪಾಳೆ ಬೀಳುತ್ತದೆ. ಆದರೆ ಮುಂದಿನ ಪದ್ಯದಲ್ಲಿ ಸೇತುವೆ ಮುರಿಯಲೇಬೇಕಲ್ಲ! ಗೆದ್ದವನು ಯಾಕೆ ಬೆಂಕಿಗೆ ಬೀಳಲು ಹೊರಟ ಎಂದು ಕೇಳುಗನಿಗೆ ಅರ್ಥವಾಗುವುದಿಲ್ಲ. ಮಾತಿನ ನಡುವೆ ಇಂಗ್ಲಿಷ್ ಪದವೂ ನುಸುಳಬಾರದು. ಅಭ್ಯಾಸದ ದಿನ ತಪ್ಪಿದವರನ್ನು ಅಲ್ಲೇ ತಡೆದರೆ ತಿಂಗಳಲ್ಲಿ ನಾಲಿಗೆ ಪಳಗುತ್ತದೆ.

ಮಕ್ಕಳ ಪಾಠಕ್ಕೆ ಒಂದು ಮದ್ದಳೆಗೆ ಐದಾರು ಮಂದಿಗಿಂತ ಹೆಚ್ಚು ಬೇಡ. ಒಬ್ಬರು ನುಡಿಸುವಾಗ ಉಳಿದವರು ಕೈಯಲ್ಲಿ ತಾಳ, ಬಾಯಲ್ಲಿ ಬಾಯಿತಾಳ, ಅಂದರೆ ಮದ್ದಳೆಯ ನುಡಿಗಳು. ತ್ರಿವುಡೆಯ 7, ಝಂಪೆಯ 10, ಅಷ್ಟದ 14 ಅಕ್ಷರ ಕೈಯಲ್ಲಿ ತಪ್ಪದೆ ಕೂತ ಮೇಲೆಯೇ ಬಿಡ್ತಿಗೆ (ಹಾಡಿನ ನಡುವೆ ಬಿಡಿಯಾಗಿ ಬರುವ ಮದ್ದಳೆಯ ನುಡಿಸಾಣಿಕೆ). ಬಿಡ್ತಿಗೆ ಕೇಳಲು ಚಂದ, ಮಕ್ಕಳು ಅದನ್ನೇ ಮೊದಲು ಕಲಿಸಿ ಎನ್ನುತ್ತಾರೆ. ನಡೆ ಗಟ್ಟಿಯಾಗದೆ ಕಲಿಸಿದರೆ ಪ್ರತಿ ಬಿಡ್ತಿಗೆಯ ಕೊನೆಗೂ ಲಯ ಓಡುತ್ತದೆ. ಭಾಮಿನಿ, ಕಂದ ಛಂದಸ್ಸಿನ ಪದ್ಯಗಳಿಗೆ ತಾಳವಿಲ್ಲ, ಅಲ್ಲಿ ಕೈ ಕಟ್ಟಿ ಕೂರುವುದೂ ಪಾಠವೇ. ಗುರುಗಳು ಹೊರಗಿಂದ ಬರುವುದಾದರೆ ಸಂಭಾವನೆಯನ್ನು ತಲೆಗಿಷ್ಟು ಎನ್ನದೆ ತಿಂಗಳಿಗಿಷ್ಟು ಎಂದು ಗೊತ್ತು ಮಾಡಿ, ಬಸ್ಸಿನ ಖರ್ಚು ಬೇರೆ ಕೊಡಿ. ಮಳೆ ಜೋರಾದ ವಾರ ಇಬ್ಬರೇ ಮಕ್ಕಳು ಬಂದಿರುತ್ತಾರೆ.

ನಿಮ್ಮ ಕಡೆಯ ಮಳೆಗೆ ಮುಚ್ಚಿಗೆ ತೇವ ಹಿಡಿದು ಶ್ರುತಿ ಇಳಿಯುವುದು ಸಹಜ. ಅದಕ್ಕೆಂದು ಒಲೆಯ ಮುಂದೆ ಹಿಡಿದರೆ ಕರಣೆ ಬಿರಿದು ಹುಡಿಯಾಗುತ್ತದೆ. ಕೂಟಕ್ಕೆ ಒಂದು ತಾಸು ಮೊದಲು ಹೊರಗೆ ತೆಗೆದು ಬೆಚ್ಚಗಿನ ಕೋಣೆಯಲ್ಲಿಡಿ. ಆಮೇಲೆ ಮುಚ್ಚಿಗೆಯ ಅಂಚಿಗೆ ಮೇಲಿಂದ ಕೆಳಗೆ ಮೆಲ್ಲಗೆ ಬಡಿದು ಏರಿಸಿ, ಒಂದು ಕಡೆ ಬಡಿದರೆ ಅದರ ಎದುರು ಕಡೆಗೂ ಅಷ್ಟೇ. ಒಂದೇ ಕಡೆ ಬಡಿದರೆ ಬೆರಳು ಬಿದ್ದ ಕಡೆಗೊಂದು ದನಿ ಬರುತ್ತದೆ. ಎತ್ತಿಡುವಾಗ ಹತ್ತಿಬಟ್ಟೆಯ ಚೀಲವೇ ಆಗಬೇಕು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಬೂಸಲು ಬರುತ್ತದೆ.

ದಿನ ಗೊತ್ತು ಮಾಡುವಾಗ ತೋಟಕ್ಕೆ ಔಷಧಿ ಹೊಡೆಯುವ ವಾರ ಬಿಡಿ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಸಂಜೆಗೆಲ್ಲ ಸುಲಿಯುವ ಕೆಲಸ, ಆಗ ಕೂಟಕ್ಕೆ ಯಾರೂ ಸಿಗುವುದಿಲ್ಲ. ಜೂನ್ ಕೊನೆಗೆ ಶುರು ಮಾಡಿದರೆ ಅಷ್ಟರೊಳಗೆ ಮೂರು ಪ್ರಸಂಗ ಆರಾಮಾಗಿ ಕೈಗೆ ಹತ್ತುತ್ತವೆ.