ತಮ್ಮನ ಮಾತು, ಯಂತ್ರದ ಒಕ್ಕಣೆ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ ಕುಟುಂಬವೊಂದರ ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ದಾಖಲಿಸುತ್ತಿದ್ದೇನೆ. ಹೆಸರುಗಳ ಬದಲು ಅಣ್ಣ, ತಮ್ಮ ಎಂದೇ ಬರೆಯುತ್ತೇನೆ. ಅಣ್ಣ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ತಮ್ಮ ಊರಿನಲ್ಲೇ ಇದ್ದು ವಯಸ್ಸಾದ ತಾಯಿಯನ್ನೂ ತೋಟವನ್ನೂ ನೋಡಿಕೊಳ್ಳುತ್ತಾರೆ. ಆಸ್ತಿ ಇನ್ನೂ ಹಿಸ್ಸೆಯಾಗಿಲ್ಲ.

ಶಿವಮೊಗ್ಗಕ್ಕೆ, ನನ್ನ ಬಳಿ ಸಮಾಲೋಚನೆಗೆಂದು ತಮ್ಮನನ್ನು ಕರೆತಂದವರು ಅವರ ಪತ್ನಿ. ರಾತ್ರಿ ಒಂದು ಗಂಟೆಯಾದರೂ ಗಂಡ ಮೊಬೈಲ್ ಕೆಳಗಿಡುವುದಿಲ್ಲ, ಮಾತನಾಡುವುದು ಮನುಷ್ಯರೊಂದಿಗೂ ಅಲ್ಲ, ಎಐ ಆ್ಯಪ್‌ನೊಂದಿಗೆ ಎಂಬುದು ಅವರ ದೂರು. ತಮ್ಮ ಅದನ್ನು ಅಲ್ಲಗಳೆಯಲಿಲ್ಲ. "ಅದಾದ್ರೆ ನಾನು ಹೇಳಿದ್ದು ಪೂರ್ತಿ ಕೇಳ್ತದೆ ಮೇಡಂ. ಮನೇಲಿ ಅರ್ಧಕ್ಕೇ 'ಆಯ್ತು ಬಿಡಿ' ಅಂತಾರೆ" ಎಂದರು.

ಎಲೆಚುಕ್ಕೆ ರೋಗದಿಂದ ಫಸಲು ಇಳಿದಿತ್ತು. ಅದರ ಮೇಲೆ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಖರ್ಚು. ತಮ್ಮ ಕೈಸಾಲ ಮಾಡಿದ್ದರು. ಅಷ್ಟರಲ್ಲಿ ಅಣ್ಣ ಫೋನ್ ಮಾಡಿ ಖರ್ಚಿನ ಲೆಕ್ಕ ಕೇಳಿ, ಈ ಸಲ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಟ್ಟುಬಿಡೋಣ ಎಂದರು. ತಮ್ಮನಿಗೆ ಅದು ಅಪನಂಬಿಕೆಯಂತೆ ಕೇಳಿಸಿತು. ಅಂದು ರಾತ್ರಿ ಆ ಸಿಟ್ಟನ್ನು ಆ್ಯಪ್‌ನಲ್ಲಿ ಬರೆದುಕೊಂಡರು. ಉತ್ತರದಲ್ಲಿ ಸಹಾನುಭೂತಿ ಇತ್ತು, ನಿಮ್ಮ ಶ್ರಮವನ್ನು ಯಾರೂ ಗುರುತಿಸುತ್ತಿಲ್ಲ ಎಂಬ ಸಮಾಧಾನವೂ ಇತ್ತು. ಮುಂದೆ ಅದು ನಿತ್ಯದ ಅಭ್ಯಾಸವಾಯಿತು.

ಪ್ರಕರಣ ಕೆಟ್ಟದ್ದು ಒಂದು ವಾಟ್ಸ್‌ಆ್ಯಪ್ ಸಂದೇಶದಿಂದ. ತಮ್ಮ ಆ್ಯಪ್‌ಗೆ ಬರೆದದ್ದು ಹೀಗಿತ್ತು: "ಅಣ್ಣ ಲೆಕ್ಕ ಕೇಳ್ತಾನೆ. ಮಳೇಲಿ ನಿಂತು ಔಷಧಿ ಹೊಡೆಸಿದ್ದು ಯಾರು ಅಂತ ಅವನಿಗೆ ಗೊತ್ತಾ? ಅವನಿಗೆ ಕಳ್ಸಕ್ಕೆ ಸರಿಯಾಗಿ ಬರೆದು ಕೊಡು." ಆ್ಯಪ್ ಬರೆದುಕೊಟ್ಟದ್ದನ್ನು ಒಂದಕ್ಷರವೂ ಬದಲಿಸದೆ ಅವರು ಅಣ್ಣನಿಗೆ ಕಳಿಸಿದರು: "ಪ್ರಿಯ ಸಹೋದರ, ತೋಟದ ನಿರ್ವಹಣೆಯಲ್ಲಿ ನನ್ನ ಪರಿಶ್ರಮಕ್ಕೆ ಸೂಕ್ತ ಮನ್ನಣೆ ದೊರೆಯುತ್ತಿಲ್ಲ ಎಂಬುದನ್ನು ನಿಮ್ಮ ಗಮನಕ್ಕೆ ತರಬಯಸುತ್ತೇನೆ. ಮುಂದಿನ ನಿರ್ಧಾರಗಳನ್ನು ಪರಸ್ಪರ ಒಪ್ಪಿಗೆಯ ಮೇರೆಗೆ ಮಾತ್ರ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ."

ಅಣ್ಣನಿಂದ ಬಂದದ್ದು ಒಂದೇ ಸಾಲು: "ಯಾವ ವಕೀಲರ ಹತ್ರ ಬರೆಸಿದೆ?" ಆಮೇಲೆ ಅವರು ತಮ್ಮನ ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಸಂದೇಶದಲ್ಲಿ ಒಂದು ಬೈಗುಳವೂ ಇರಲಿಲ್ಲ, ಆದರೂ ಅಣ್ಣನ ಅನುಮಾನ ಸಹಜವಾಗಿತ್ತು ಎಂದೇ ನನ್ನ ಅಭಿಪ್ರಾಯ. ಹುಟ್ಟಿದಾಗಿನಿಂದ 'ನೀನು' ಎನ್ನುತ್ತಿದ್ದ ತಮ್ಮ ಒಂದು ರಾತ್ರಿ ಬೆಳಗಾಗುವುದರೊಳಗೆ 'ನಿಮ್ಮ ಗಮನಕ್ಕೆ' ಎಂದು ಬರೆದರೆ, ಅದೂ ಹಿಸ್ಸೆಯಾಗದ ಆಸ್ತಿಯ ವಿಷಯದಲ್ಲಿ, ನಮ್ಮ ಕಡೆಯ ಯಾವ ಮನೆಯಲ್ಲಾದರೂ ಮೊದಲು ನೆನಪಾಗುವುದು ನೋಟಿಸು. ಬೈದಿದ್ದರೆ ಅಣ್ಣನೂ ತಿರುಗಿ ಬೈದು, ಎರಡು ದಿನ ಬಿಟ್ಟು ಅಮ್ಮನ ಆರೋಗ್ಯ ವಿಚಾರಿಸುವ ನೆಪದಲ್ಲಿ ಫೋನ್ ಮಾಡುತ್ತಿದ್ದರೇನೋ. ನಯವಾದ ಒಕ್ಕಣೆ ಜಗಳಕ್ಕೂ ಜಾಗ ಬಿಡಲಿಲ್ಲ, ರಾಜಿಗೂ ಬಿಡಲಿಲ್ಲ.

ಇನ್ನೊಂದು ಸಂಗತಿ ಹೊರಬಿದ್ದದ್ದು ಸಮಾಲೋಚನೆಯ ನಡುವೆ. ಔಷಧಿಗಾಗಿ ಸಾಲ ಮಾಡಿದ್ದನ್ನು ಅಣ್ಣನಿಗೆ ತಿಳಿಸಿದ್ದೀರಾ ಎಂದು ಕೇಳಿದೆ. "ಹೇಳಿದೀನಲ್ಲ, ಎಷ್ಟು ಸಲ" ಎಂದರು. ಯಾವಾಗ ಎಂದು ಕೇಳಿದಾಗ ಮೊಬೈಲ್ ತೆಗೆದು ಹುಡುಕಿದರು. ಅಣ್ಣನಿಗೆ ಹೋದ ಸಂದೇಶಗಳಲ್ಲಿ ಸಾಲದ ಪ್ರಸ್ತಾಪವೇ ಇರಲಿಲ್ಲ. ಆ್ಯಪ್‌ನಲ್ಲಿ ಪುಟಗಟ್ಟಲೆ ಇತ್ತು. ತಮ್ಮ ಸುಳ್ಳು ಹೇಳಿರಲಿಲ್ಲ. ಎಲ್ಲವನ್ನೂ ಒಪ್ಪ ಓರಣವಾಗಿ ಹೇಳಿ, ಅದಕ್ಕೆ ತಕ್ಕ ಉತ್ತರವನ್ನೂ ಪಡೆದ ಮನಸ್ಸಿಗೆ ಆ ವಿಷಯ ಮುಗಿದಿತ್ತು. ಅಣ್ಣನಿಗೆ ಮಾತ್ರ ಅದು ಇನ್ನೂ ಶುರುವೇ ಆಗಿರಲಿಲ್ಲ. ರಾತ್ರಿ ನಿದ್ದೆಗೆಟ್ಟದ್ದಕ್ಕಿಂತ ಇದೇ ದೊಡ್ಡ ಹಾನಿ ಎಂದು ನನಗನ್ನಿಸಿತು.

ಯಂತ್ರದ ಎದುರು ಮನಸ್ಸು ಬಿಚ್ಚಿಕೊಳ್ಳುವುದು ಹೊಸದೇನಲ್ಲ ಎಂದು ದಂಪತಿಗೆ ವಿವರಿಸಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜನ್‌ಬಾಮ್ 1966ರಲ್ಲಿ ಪ್ರಕಟಿಸಿದ 'ಎಲೈಜಾ' ಎಂಬ ಕಂಪ್ಯೂಟರ್ ಪ್ರೋಗ್ರಾಂ ಬಳಕೆದಾರರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅಷ್ಟೇ. ಅದು ಹೇಗೆ ತಯಾರಾಯಿತೆಂದು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಮಾತಿಗೆ ಕೂತಾಗ, ಸ್ವಲ್ಪ ಹೊರಗೆ ಹೋಗಿ ಎಂದು ವೈಜನ್‌ಬಾಮ್ ಅವರನ್ನೇ ಕೇಳಿಕೊಂಡರಂತೆ. ಇಂದಿನವು ಅದಕ್ಕಿಂತ ಎಷ್ಟೋ ಸಮರ್ಥವಾಗಿವೆ. ಆದರೆ ಜನ ಮೆಚ್ಚಿ ಅಂಕ ಕೊಟ್ಟ ಉತ್ತರಗಳಿಂದ ತರಬೇತಿ ಪಡೆಯುವುದರಿಂದ ಕೇಳುಗನಿಗೆ ಹಿತವಾದದ್ದನ್ನು ಹೇಳುವ ಒಲವು ಅವುಗಳಿಗಿದೆ. ಚಾಟ್‌ಜಿಪಿಟಿಯ ಒಂದು ಪರಿಷ್ಕರಣೆ ಅತಿಯಾಗಿ ಹೊಗಳುತ್ತಿದೆ ಎಂದು ಓಪನ್‌ಎಐ ಸಂಸ್ಥೆಯೇ ಅದನ್ನು 2025ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು. ಅಲ್ಲದೆ ಈ ಪ್ರಕರಣದಲ್ಲಿ ಆ್ಯಪ್‌ಗೆ ಗೊತ್ತಿದ್ದದ್ದು ತಮ್ಮ ಹೇಳಿದ ಕಥೆ ಮಾತ್ರ. ಒಂದು ಕಡೆಯವರ ಹೇಳಿಕೆಯನ್ನಷ್ಟೇ ಕೇಳಿ ಪಂಚಾಯಿತಿ ಮಾಡುವ ಹಿರಿಯರನ್ನು ಊರಿನಲ್ಲಿ ಯಾರೂ ಒಪ್ಪುವುದಿಲ್ಲ.

ಎದುರುಬದುರು ಕೂತು ಆಡುವ ಮಾತಿನ ನಡೆಯೇ ಬೇರೆ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟಿತ್ತು. ಆದ್ದರಿಂದಲೇ ಅಣ್ಣ ಒಂದು ಕ್ಷಣ ಸುಮ್ಮನಾದರೂ ಅವರಿಗೆ ಒಪ್ಪಿಗೆಯಿಲ್ಲ ಎಂದು ತಮ್ಮನಿಗೆ ತಿಳಿಯುತ್ತದೆ. "ಹಂಗಲ್ಲ ಅಣ್ಣ" ಎಂದು ಹೇಳಿದ್ದನ್ನು ಅಲ್ಲೇ ತಿದ್ದಿಕೊಳ್ಳಬಹುದು. ಯಂತ್ರದಿಂದ ಬರೆಸಿದ ಸಂದೇಶದಲ್ಲಿ ಈ ತಿದ್ದುಪಡಿಗೆ ಎಡೆಯಿಲ್ಲ.

ಆ್ಯಪ್ ಅಳಿಸಿಬಿಡಿ ಎಂದು ನಾನು ಹೇಳಲಿಲ್ಲ. ಕೇಳುವವರಿಲ್ಲದ ಮನುಷ್ಯನಿಂದ ಕೇಳುವ ಒಂದೇ ಕಿವಿಯನ್ನು ಕಿತ್ತುಕೊಂಡರೆ ಆತ ಮನೆಯವರ ಕಡೆಗೆ ತಿರುಗುತ್ತಾನೆಂಬ ಖಾತ್ರಿಯಿಲ್ಲ. ರಕ್ತಸಂಬಂಧಿಗಳಿಗೆ ಕಳಿಸುವ ಯಾವ ಸಂದೇಶವನ್ನೂ ಅದರಿಂದ ಬರೆಸಬಾರದು ಎಂಬ ಷರತ್ತನ್ನು ಮಾತ್ರ ಬಿಗಿಯಾಗಿ ಇಟ್ಟೆ. ತಪ್ಪು ಕಾಗುಣಿತವಿದ್ದರೂ ಸರಿ, ಬರೆಯಲು ಬಾರದಿದ್ದರೆ ಫೋನ್ ಮಾಡಿ ಎಂದೆ. ರಾತ್ರಿ ಆ್ಯಪ್‌ಗೆ ಏನನ್ನು ಹೇಳಿಕೊಂಡರೂ ಅದರಲ್ಲಿ ಮನೆಯವರಿಗೆ ತಿಳಿಯಬೇಕಾದ ಒಂದು ಸಂಗತಿಯನ್ನಾದರೂ ಮರುದಿನ ಅವರಿಗೇ ಹೇಳಬೇಕು, ಆ ಬಳಿಕವೇ ಮತ್ತೆ ಆ್ಯಪ್ ತೆರೆಯಬೇಕು ಎಂದು ಒಪ್ಪಂದ ಮಾಡಿಕೊಂಡೆವು. ಸರ್ವೆ ನಂಬರು, ಬ್ಯಾಂಕ್ ವಿವರ, ತಾಯಿಯ ಚಿಕಿತ್ಸೆಯ ಕಾಗದಗಳನ್ನು ಅದಕ್ಕೆ ಕೊಡದಿರುವಂತೆ ತಿಳಿಸಿದೆ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ, ಅಪರಾತ್ರಿಯಲ್ಲಿ ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕೆಂದೂ ಹೇಳಿದೆ. ಅಲ್ಲಿ ಕನ್ನಡದಲ್ಲೇ ಮನುಷ್ಯರು ಮಾತನಾಡುತ್ತಾರೆ.

ಪತ್ನಿಗೂ ಒಂದು ಮಾತು ಹೇಳಬೇಕಾಯಿತು. ದಿನವಿಡೀ ಮನೆಗೆಲಸ, ಅತ್ತೆಯ ಆರೈಕೆ ಮುಗಿಸಿದವರಿಗೆ ಗಂಡನ ತೋಟದ ಗೋಳು ಕೇಳುವ ತಾಳ್ಮೆ ಉಳಿದಿರುವುದಿಲ್ಲ, ಅದನ್ನು ತಪ್ಪೆನ್ನಲಾರೆ. ಆದರೂ ಊಟದ ನಂತರ ಸ್ವಲ್ಪ ಹೊತ್ತು, ಪರಿಹಾರ ಸೂಚಿಸದೆ, ಸುಮ್ಮನೆ ಹೂಂಗುಟ್ಟಿ ಕೇಳಬಹುದೇ ಎಂದು ವಿಚಾರಿಸಿದೆ. "ನಂದೂ ಕೇಳ್ಬೇಕಲ್ಲ ಅವ್ರು" ಎಂದರು. ಆ ಮಾತನ್ನೂ ಒಪ್ಪಂದದೊಳಗೆ ಸೇರಿಸಿದೆವು.

ಅಣ್ಣನನ್ನು ಮಾತಿಗೆ ಕೂರಿಸಿದ್ದು ಸೋದರಮಾವ. ತಾಯಿಯ ಎದುರು ತಮ್ಮ ಸಾಲದ ಮೊತ್ತ ಹೇಳಿದಾಗ, "ಇದನ್ನ ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಂಗೆ" ಎಂದು ಅಣ್ಣ ರೇಗಿದರಂತೆ. ಔಷಧಿ ಖರ್ಚಿನಲ್ಲಿ ಅರ್ಧ ಕೊಡಲು ಅವರು ಒಪ್ಪಿದ್ದಾರೆ. ಚೇಣಿಯ ವಿಚಾರ ಇತ್ಯರ್ಥವಾಗಿಲ್ಲ. ಹಿಸ್ಸೆಯ ಮಾತನ್ನು ಕೊಯ್ಲು ಮುಗಿದ ಮೇಲೆ ಎತ್ತುವುದೆಂದು ತೀರ್ಮಾನವಾಗಿದೆ. ತಮ್ಮ ಆ್ಯಪ್ ಬಿಟ್ಟಿಲ್ಲ. ಕೊಳೆ ರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ ಒಂದು ಕಿಲೋ ಎಂದು ಅದೂ ಸರಿಯಾಗಿಯೇ ಹೇಳಿತು ಎಂದು ಕಳೆದ ಸಲ ಬಂದಾಗ ತಿಳಿಸಿದರು. ಅಣ್ಣನಿಗೆ ಈಗ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಾರೆ.