ಓದುಗರ ಪ್ರಶ್ನೆ: ಲಿಸ್ಬನ್ ಹಳೆಯದೋ, ಹೊಸದೋ?

ಪ್ರಶ್ನೆ: ಮಗಳೊಂದಿಗೆ ಪೋರ್ಚುಗಲ್ಲಿಗೆ ಹೋಗುವ ಯೋಚನೆಯಲ್ಲಿದ್ದೇನೆ. ಅಲ್ಲಿಗೆ ಹೋಗಿಬಂದ ಪರಿಚಿತರಲ್ಲಿ ಒಬ್ಬರು ಲಿಸ್ಬನ್ನಿನ ರಸ್ತೆಗಳು ನಮ್ಮ ಬಡಾವಣೆಯ ರಸ್ತೆಗಳಂತೆ ನೇರವಾಗಿವೆ, ಹಳೆಯ ಊರೆನ್ನಿಸುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಓಣಿಗಳಲ್ಲಿ ದಾರಿ ತಪ್ಪಿದ ಕಥೆ ಹೇಳುತ್ತಾರೆ. ಯಾರನ್ನು ನಂಬಬೇಕು?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಇಬ್ಬರನ್ನೂ ನಂಬಿ. ಒಬ್ಬರು ಬೈಶಾದಲ್ಲಿ ಓಡಾಡಿರಬೇಕು, ಇನ್ನೊಬ್ಬರು ಅಲ್ಫಾಮದಲ್ಲಿ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನರು ಚರ್ಚುಗಳಲ್ಲಿ ನೆರೆದಿದ್ದ ಹೊತ್ತಿಗೆ ಭೂಮಿ ನಡುಗಿತು. ಅದರ ಬೆನ್ನಿಗೇ ಸುನಾಮಿ ನುಗ್ಗಿತು, ಆಮೇಲೆ ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿಯಿತು. ನದಿಯಂಚಿನ ತಗ್ಗುಪ್ರದೇಶವಾದ ಬೈಶಾ ನೆಲಸಮವಾಯಿತು. ಮುಂದೆ ಪೊಂಬಾಲ್‌ನ ಮಾರ್ಕಿಸ್ ಎಂದು ಹೆಸರಾದ ಮಂತ್ರಿಯು ಹಳೆಯ ಓಣಿಗಳನ್ನು ಮತ್ತೆ ಕಟ್ಟುವ ಗೋಜಿಗೆ ಹೋಗದೆ, ಗೆರೆ ಎಳೆದಂತೆ ನೇರವಾದ ಬೀದಿಗಳನ್ನು ಹಾಕಿಸಿದ. ಹೊಸ ಕಟ್ಟಡಗಳ ಗೋಡೆಗಳೊಳಗೆ, ಮತ್ತೆ ಕಂಪಿಸಿದರೂ ತಾಳಿಕೊಳ್ಳಲೆಂದು, ಪಂಜರದಂತಹ ಮರದ ಚೌಕಟ್ಟನ್ನು ಸೇರಿಸಲಾಯಿತು. ದೊರೆ ಒಂದನೆಯ ಜೋಸೆಫ್‌ಗೆ ಮಾತ್ರ ಕಲ್ಲುಕಟ್ಟಡವೆಂದರೆ ಹೆದರಿಕೆ ಹಿಡಿದುಬಿಟ್ಟಿತು. ಆತ ಅಜುಡಾ ಗುಡ್ಡದ ಮೇಲೆ ಡೇರೆಗಳಲ್ಲಿ, ಬಳಿಕ ಮರದ ಅರಮನೆಯಲ್ಲಿ ದಿನ ಕಳೆದ. ಗುಡ್ಡದ ಮೇಲಿನ ಅಲ್ಫಾಮ ಬಹುಮಟ್ಟಿಗೆ ಉಳಿದುಕೊಂಡಿತು, ಆದ್ದರಿಂದಲೇ ಉತ್ತರ ಆಫ್ರಿಕಾದಿಂದ ಬಂದ ಮೂರ್ ಎಂಬ ಮುಸ್ಲಿಮರ ಆಳ್ವಿಕೆಯ ಕಾಲದ ಅಂಕುಡೊಂಕು ಹಾದಿಗಳು ಅಲ್ಲಿ ಇಂದಿಗೂ ಇವೆ.

ಎಲ್ಲರೂ ಮೊದಲು ಕೋಟೆಗೆ ಓಡುತ್ತಾರೆ. ನನ್ನನ್ನು ಕೇಳಿದರೆ ಕಾರ್ಮೊ ಮಠವನ್ನು ಮೊದಲು ನೋಡಿ. ಕುಸಿದ ಅದರ ಚರ್ಚಿಗೆ ಮತ್ತೆ ಚಾವಣಿ ಹೊದಿಸಲೇ ಇಲ್ಲ. ಎರಡು ಸಾಲು ಕಂಬಗಳ ಮೇಲಿನ ಚೂಪು ಕಮಾನುಗಳು ಆಕಾಶಕ್ಕೆ ತೆರೆದುಕೊಂಡು ನಿಂತಿವೆ, ಭಕ್ತರು ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ. ಅಂದು ನಡೆದದ್ದು ಏನೆಂದು ಫಲಕ ಓದದೆಯೂ ತಿಳಿಯುತ್ತದೆ. ಕಾಲುದಾರಿಗಳಿಗೆ ಹಾಸಿರುವ ಸುಣ್ಣಕಲ್ಲಿನ ಸಣ್ಣ ತುಂಡುಗಳು ಸವೆದು ನುಣುಪಾಗಿದ್ದು ಮಳೆ ಬಂದರೆ ಜಾರುತ್ತವೆ. ಹಿಡಿತವಿರುವ ಬೂಟು ತಪ್ಪದೆ ಹಾಕಿಕೊಳ್ಳಿ.

ಪ್ರಶ್ನೆ: ವಾಸ್ಕೊ ಡ ಗಾಮನ ಸಮಾಧಿಯನ್ನು ನಾವೇಕೆ ನೋಡಬೇಕು? ನಮ್ಮ ಕರಾವಳಿಯನ್ನು ಕಾಡಿದವರಲ್ಲವೇ ಅವರು?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಕಾಡಿದವರೇ, ಉಳ್ಳಾಲದ ಅಬ್ಬಕ್ಕನ ನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಆ ಸಮಾಧಿ ಇರುವ, ಲಿಸ್ಬನ್ನಿನ ಬೆಲೆಂ ಭಾಗದ ಜೆರೋನಿಮೊಸ್ ಮಠವನ್ನು ತಪ್ಪಿಸಬೇಡಿ, ಏಕೆಂದರೆ 1501ರಲ್ಲಿ ಮೊದಲನೆಯ ಮ್ಯಾನುಯೆಲ್ ದೊರೆ ಆರಂಭಿಸಿದ ಆ ಕಟ್ಟಡಕ್ಕೆ ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲಿನ ತೆರಿಗೆಯಿಂದ. ನಮ್ಮ ಕಡೆಯ ಮೆಣಸಿನ ಲಾಭ ಕಲ್ಲಾಗಿ ನಿಂತಿರುವುದನ್ನು ನೋಡಬೇಕಾದ ಹಕ್ಕು ನಮಗೇ ಹೆಚ್ಚು. ಕಂಬಗಳಲ್ಲಿ ಹಡಗಿನ ಹಗ್ಗದ ಹುರಿಯನ್ನೂ ಸಮುದ್ರದ ಜೀವಿಗಳನ್ನೂ ಕೆತ್ತಿದ್ದಾರೆ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡು ಅಲ್ಲಿಯೇ ಹೂಳಲ್ಪಟ್ಟ ಗಾಮನ ಅವಶೇಷಗಳನ್ನು ಆಮೇಲೆ ಪೋರ್ಚುಗಲ್ಲಿಗೆ ಸಾಗಿಸಲಾಯಿತು. ಹಾಗೆಂದು ಬಂದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಣ್ಣಾರೆ ಕಂಡು, ಅಲ್ಲಿನ ಮಹಾನವಮಿ ಉತ್ಸವವನ್ನು ವಿವರವಾಗಿ ಬರೆದಿಟ್ಟ ಡೊಮಿಂಗೊ ಪಾಯಸನೂ ಪೋರ್ಚುಗೀಸನೇ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತದೆಯೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಸಿಗುತ್ತದೆ, ಕೇಳಿ ತಿನ್ನಬೇಕು. ಸೊಪ್ಪಿನ ಸಾರಿನಂತೆ ಕಾಣುವ ಕಾಲ್ದೊ ವೆರ್ದೆಯಲ್ಲಿ ಸಾಮಾನ್ಯವಾಗಿ ಸಾಸೇಜಿನ ಚೂರು ಇರುತ್ತದೆ. ಬೆಲೆಂನ ಹೆಸರುವಾಸಿ ಪಾಶ್ತೆಲ್ ಸಿಹಿಯಲ್ಲಿ ಮೊಟ್ಟೆಯ ಹಳದಿ ಧಾರಾಳ. ಇನ್ನೊಂದು ಮಾತು: ಕೂತ ಕೂಡಲೇ ಮೇಜಿಗೆ ತಂದಿಡುವ ಬ್ರೆಡ್ಡು, ಆಲಿವ್‌ಗಳು ಸಾಮಾನ್ಯವಾಗಿ ಬಿಟ್ಟಿಯಲ್ಲ. ಮುಟ್ಟಿದರೆ ಬಿಲ್ಲಿಗೆ ಸೇರುತ್ತವೆ, ಬೇಡವೆಂದರೆ ಮರುಮಾತಿಲ್ಲದೆ ಒಯ್ಯುತ್ತಾರೆ.