ಒಂದೇ ಹೆಸರಿನ ಎರಡು ವೈಫೈ

ಪ್ರಶ್ನೆ: ಮನೆಯ ಕೆಳಗೂ ಮಹಡಿಯಲ್ಲೂ ಒಂದೇ ಹೆಸರಿನ ವೈಫೈ ಆಕ್ಸೆಸ್ ಪಾಯಿಂಟ್‌ಗಳಿವೆ (ವೈಫೈ ಸಿಗ್ನಲ್ ಪ್ರಸಾರ ಮಾಡುವ ಪೆಟ್ಟಿಗೆಗಳು). ಆದರೂ ಮಹಡಿ ಹತ್ತಿದ ಮೇಲೆ ಫೋನ್ ಕೆಳಗಿನದಕ್ಕೇ ಅಂಟಿಕೊಂಡಿರುತ್ತದೆ. ಹೆಸರನ್ನು ಬೇರೆ ಮಾಡಬೇಕೇ?

ಉತ್ತರ: ಬೇಡ. ಹೆಸರು, ಪಾಸ್‌ವರ್ಡ್ ಮತ್ತು ಭದ್ರತಾ ವಿಧಾನ ಮೂರೂ ಒಂದೇ ಆಗಿದ್ದಾಗ ಫೋನ್ ಎರಡನ್ನೂ ಒಂದೇ ಜಾಲವೆಂದು ಪರಿಗಣಿಸಿ, ಬಿಎಸ್‌ಎಸ್‌ಐಡಿ ಎಂಬ ಪ್ರತ್ಯೇಕ ವಿಳಾಸದಿಂದ ಅವುಗಳನ್ನು ಗುರುತಿಸುತ್ತದೆ. ಆದರೆ ಯಾವಾಗ ದಾಟಬೇಕೆಂಬ ತೀರ್ಮಾನ ಸಾಮಾನ್ಯವಾಗಿ ಫೋನಿನದು. ಕೆಳಗಿನ ಸಿಗ್ನಲ್ ಸಾಕಷ್ಟು ಕ್ಷೀಣಿಸುವವರೆಗೆ, ಎಂದರೆ ಕೆಲವು ಫೋನ್‌ಗಳಲ್ಲಿ ಮೈನಸ್ 70 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸಿಗೆ ಇಳಿಯುವವರೆಗೆ, ಅದು ಹೊಸದನ್ನು ಹುಡುಕಲು ಹೊರಡುವುದಿಲ್ಲ. ಆದ್ದರಿಂದ ಕೆಳಗಿನದರ ಪ್ರಸಾರ ಶಕ್ತಿಯನ್ನು ತುಸು ತಗ್ಗಿಸಿ (ಹೆಚ್ಚಿಸುವುದೇ ಪರಿಹಾರವೆಂಬ ನಂಬಿಕೆ ಇಲ್ಲಿ ತಿರುಗುಬಾಣವಾಗುತ್ತದೆ), ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡಿಯಾಗದಂತೆ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದನ್ನು 1ನೇ ಚಾನೆಲ್‌ನಲ್ಲಿಯೂ ಇನ್ನೊಂದನ್ನು 6 ಅಥವಾ 11ರಲ್ಲಿಯೂ ಇರಿಸಿ. ಆಕ್ಸೆಸ್ ಪಾಯಿಂಟ್‌ಗಳ ಸೆಟ್ಟಿಂಗ್‌ನಲ್ಲಿ 802.11ಕೆ ಎಂಬ ಸೌಲಭ್ಯವಿದ್ದರೆ ಚಾಲೂ ಮಾಡಿ. ಅದು ಸುತ್ತಲಿನ ಪಾಯಿಂಟ್‌ಗಳ ಪಟ್ಟಿಯನ್ನು ಫೋನಿಗೆ ಒದಗಿಸಿ ಹುಡುಕಾಟದ ಸಮಯವನ್ನು ಉಳಿಸುತ್ತದೆ.